ಆಟದ ಸಾಲಿಯ ಅಕ್ಕೋರು

ರಮಾ ಅಕ್ಕೋರು ತಮ್ಮ ಕೈಗಳ ಮೇಲೆ ತಾವೇ ಕುಳಿತುಕೊಳ್ಳುತ್ತಿದ್ದರು. ಒಂದು ಗಿಡ್ಡ ಮಣೆಯ ಮೇಲೆ ಕೂತು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡುಬಿಡುತ್ತಿದ್ದರು. ಎದುರಿಗೆ ಒಂದು ಮಗು ಡಬ್ಬಿಯ ಮುಚ್ಚಳ ತೆಗೆಯಲಾರದೆ ಒದ್ದಾಡುತ್ತಿದ್ದರೆ ಅವರ ಭುಜಗಳು ಅಲುಗುತ್ತಿದ್ದವು, ತುಟಿಗಳು ತಾವೇ ಮುಚ್ಚಳ ತಿರುವುತ್ತಿವೆಯೋ ಎಂಬಂತೆ ಸೊಟ್ಟಗಾಗುತ್ತಿದ್ದವು. ಕೈ ಮಾತ್ರ ಹೊರಗೆ ಬರುತ್ತಿರಲಿಲ್ಲ. ಯಾಕೆ ಹೀಗೆ ಕೂರುತ್ತೀರಿ ಎಂದು ನಾನು ಮೊದಲ ಸಲ ಕೇಳಿದಾಗ ನಕ್ಕುಬಿಟ್ಟರು.

"ನನ್ನ ಕೈಗೆ ಭಾಳ ಅವಸರ ರೀ. ಹುಡುಗ್ರು ಮಾಡೂದರೊಳಗ ತಾವ ಮಾಡಿ ಮುಗಿಸಿಬಿಡತಾವ. ಅದಕ್ಕ ಹಿಂಗ ಕಟ್ಟಿ ಹಾಕೇನಿ."

ಬೈಲಹೊಂಗಲದಲ್ಲಿ ಒಂದು ಹಳೆಯ ಹತ್ತಿ ಗೋದಾಮು ಇತ್ತು. ವ್ಯಾಪಾರ ನಿಂತು ಎಷ್ಟೋ ವರ್ಷ ಖಾಲಿ ಬಿದ್ದಿದ್ದ ಆ ಜಾಗಕ್ಕೆ ಸುಣ್ಣ ಹೊಡೆಸಿ, ಗೋಡೆಯುದ್ದಕ್ಕೂ ಮಕ್ಕಳ ಎದೆಮಟ್ಟದ ಹಲಗೆಗಳನ್ನು ಹಾಕಿಸಿ ಅಕ್ಕೋರು ಶಾಲೆ ನಡೆಸುತ್ತಿದ್ದರು. ಹಲಗೆಗಳ ಮೇಲೆ ತಂಬಿಗೆಗಳು, ಕಾಳಿನ ಬಟ್ಟಲುಗಳು, ಗುಂಡಿ ಹಾಕಿ ತೆಗೆಯುವ ಬಟ್ಟೆಯ ಚೌಕಟ್ಟುಗಳು, ಮರದ ಅಕ್ಷರಗಳು. ಮಗು ಬೆಳಿಗ್ಗೆ ಬಂದು ತನಗೆ ಬೇಕಾದದ್ದನ್ನು ಎತ್ತಿಕೊಂಡು ಚಾಪೆಯ ಮೇಲೆ ಕೂತರೆ ಅದೇ ಅದರ ಪಾಠ. ಗಂಟೆ ಇಲ್ಲ, ಪೀರಿಯಡ್ ಇಲ್ಲ, ನಂಬರು ಹಚ್ಚುವುದಿಲ್ಲ. ಊರವರು ಅದನ್ನು 'ಆಟದ ಸಾಲಿ' ಅನ್ನುತ್ತಿದ್ದರು. ಆ ಮಾತಿನಲ್ಲಿ ಮೆಚ್ಚುಗೆ ಇರಲಿಲ್ಲ.

ಅಕ್ಕೋರು ರಾಮದುರ್ಗದವರು. ಹುಡುಗಿಯಾಗಿದ್ದಾಗ ಕೊಲ್ಲಾಪುರದಲ್ಲಿದ್ದ ಆತ್ಯಾಳ, ಅಂದರೆ ಸೋದರತ್ತೆಯ, ಮನೆಯಲ್ಲಿದ್ದು, ಆಕೆ ನಡೆಸುತ್ತಿದ್ದ ಬಾಲವಾಡಿಯಲ್ಲಿ ಈ ರೀತಿಯನ್ನು ಕಲಿತವರು. ಆಮೇಲೆ ಸರಕಾರಿ ಶಾಲೆಯಲ್ಲಿ ನೌಕರಿ, ಕೊನೆಗೆ ನಮ್ಮೂರಿಗೆ ವರ್ಗ. ನಿವೃತ್ತಿಯಾದ ಮೇಲೆ ಈ ಶಾಲೆ. ಎತ್ತರದ ಆಳು, ಗಂಜಿ ಹಾಕಿದ ನೂಲಿನ ಸೀರೆ, ಬಾಯಲ್ಲಿ ಸದಾ ಒಂದಿಷ್ಟು ಬಡೇಸೋಂಪು. ಯಾರು ಏನು ಕೇಳಿದರೂ ಮೊದಲು ಅದನ್ನು ಅಗಿದು ಮುಗಿಸಿಯೇ ಉತ್ತರ.

ನನ್ನ ತವರು ಮುರಗೋಡ. ಬೈಲಹೊಂಗಲದ ಬಜಾರದಲ್ಲಿ ನಮ್ಮದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಮಧ್ಯಾಹ್ನದವರೆಗೆ ನಮ್ಮವರು ಕೂರುತ್ತಾರೆ, ಆಮೇಲೆ ನಾನು. ಗೌರಿ ನಮ್ಮ ಒಬ್ಬಳೇ ಮಗಳು. ಅವಳಿಗೆ ಮಾತು ಬೇಗ ಬಂತು, ನಡಿಗೆ ತಡವಾಯಿತು. ಬಯಲಾಟದ ಕಥೆಯನ್ನು ಒಮ್ಮೆ ಕೇಳಿದರೆ ಮರುದಿನ ಪೂರ್ತಿ ಒಪ್ಪಿಸುತ್ತಿದ್ದಳು. ಆದರೆ ತುತ್ತು ಬಾಯಿಗೆ ಹೋಗುವ ಮೊದಲೇ ಅರ್ಧ ಮಡಿಲಿಗೆ ಬೀಳುತ್ತಿತ್ತು. ಸಪಾಟು ನೆಲದ ಮೇಲೂ ಎಡವುತ್ತಿದ್ದಳು. ಅಂಗಿಯ ಗುಂಡಿ ಅವಳಿಗೆ ಬೆಟ್ಟ. ಪೆನ್ಸಿಲ್ ಹಿಡಿದರೆ ಬೆರಳು ಬೆಳ್ಳಗಾಗುವಷ್ಟು ಒತ್ತಿ ಹಿಡಿದು, ಒಂದು ಗೆರೆ ಎಳೆಯುವಷ್ಟರಲ್ಲಿ ಹಾಳೆ ಹರಿಯುತ್ತಿತ್ತು.

ಇಂಗ್ಲಿಷ್ ಮಾಧ್ಯಮದ ಶಾಲೆಯೊಂದಕ್ಕೆ ಹಾಕಿದ್ದೆವು. ಅಲ್ಲಿ ಒಬ್ಬರು ಲಕ್ಷ್ಯ ಇಲ್ಲ ಅಂದರು, ಇನ್ನೊಬ್ಬರು ಹಟ ಅಂದರು. ಒಂದನೆಯ ತರಗತಿಯ ಅರ್ಧಕ್ಕೆ ಕರೆದು, "ಈಕೀನ ಬ್ಯಾರೆ ಎಲ್ಲೆರೆ ನೋಡ್ರಿ, ಉಳಿದ ಹುಡುಗ್ರಿಗೆ ತೊಂದ್ರಿ ಆಗತೈತಿ" ಅಂದರು. ಅಷ್ಟು ಹೊತ್ತಿಗೆ ಗೌರಿ ದಿನವೂ ಬೆಳಿಗ್ಗೆ ಹೊಟ್ಟೆನೋವು ಎಂದು ಮುದುಡಿಕೊಂಡು ಮಲಗುತ್ತಿದ್ದಳು. ಧಾರವಾಡದ ಡಾಕ್ಟರು ಪರೀಕ್ಷೆ ಮಾಡಿ, ಹೊಟ್ಟೆಯಲ್ಲಿ ಏನೂ ಇಲ್ಲ ಎಂದು ಮತ್ತೊಬ್ಬರ ಬಳಿ ಕಳಿಸಿದರು. ಕೈಕಾಲಿನ ಚಲನೆ ನೋಡುವ ಆ ಥೆರಪಿಸ್ಟ್ ಹುಡುಗಿ ಗೌರಿಯನ್ನು ಬಹಳ ಹೊತ್ತು ಆಡಿಸಿ, ಆಮೇಲೆ ಡಿಸ್ಪ್ರಾಕ್ಸಿಯಾ ಎಂಬ ಹೆಸರು ಹೇಳಿದರು. "ಬುದ್ಧಿಗಿ ಏನೂ ಆಗಿಲ್ರಿ. ಏನ್ ಮಾಡಬೇಕಂತ ತಲಿಗಿ ಗೊತ್ತೈತಿ, ಅದನ್ನ ಹೆಂಗ ಮಾಡೂದು ಅನ್ನೂದು ಕೈಕಾಲಿಗಿ ಸರಿಯಾಗಿ ಮುಟ್ಟಂಗಿಲ್ಲ" ಎಂದು ವಿವರಿಸಿದರು. ಹೊರಗೆ ಬಂದು ಬಸ್ಸಿಗೆ ಕಾಯುತ್ತ ನಾನು ಅತ್ತೆ. ದುಃಖಕ್ಕಿಂತ ಹಗುರಾಗಿ ಅತ್ತದ್ದೇ ಹೆಚ್ಚು. ನನ್ನ ಮಗಳು ಸೋಮಾರಿಯಲ್ಲ ಎಂದು ಒಬ್ಬರಾದರೂ ಹೇಳಿದ್ದರು.

ಆಟದ ಸಾಲಿಗೆ ಹೋಗಿ ನೋಡೋಣ ಅಂದವಳು ನಾನೇ. ನಮ್ಮವರಿಗೆ ಮನಸ್ಸಿರಲಿಲ್ಲ. ಅತ್ತೆಯವರದು ಇನ್ನೊಂದು ಅನುಮಾನ. "ಅಕ್ಕೋರು ಬುದ್ಧನ ಪೂಜಿ ಮಾಡೋ ಮಂದಿ ಅಲ್ಲೇನು? ಅಲ್ಲೆ ಹುಡುಗ್ರು ತಾವ ಅಡಗಿ ಮಾಡಿ ಉಣತಾರಂತ. ನಮ್ಮ ಗೌರಿ ಅಲ್ಲೆ ಉಣ್ಣೂದೇನ?" ಎಂದು ಕೇಳಿದರು. "ಉಣತಾಳ್ರಿ ಅತ್ತಿ" ಅಂದೆ. ಮರುವರ್ಷ ಅದೇ ಅತ್ತೆ, ಗೌರಿ ಸಾಲಿಯಲ್ಲಿ ತಾನೇ ಬಡಿದ ರೊಟ್ಟಿ ಎಂದು ಮನೆಗೆ ತಂದ ದಪ್ಪನೆಯ, ಅಂಚು ಹರಿದ ರೊಟ್ಟಿಯನ್ನು ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು, ಓಣಿಗೆಲ್ಲ ಹೇಳಿಕೊಂಡು ಬಂದರು.

ಮೊದಲ ದಿನ ಹೋದಾಗ ಅಕ್ಕೋರು ನನ್ನನ್ನು ಮಾತಾಡಿಸಲಿಲ್ಲ, ಗೌರಿಯನ್ನು ಮಾತಾಡಿಸಿದರು. "ನೀರಡಿಕಿ ಆಗೇತೇನ? ಅಲ್ಲೆ ಐತಿ ನೋಡು, ಬಗ್ಗಿಸಿಕೋ." ಗೌರಿ ತಂಬಿಗೆ ಎತ್ತಿದಳು. ನೀರು ಲೋಟಕ್ಕಿಂತ ನೆಲಕ್ಕೇ ಹೆಚ್ಚು ಬಿತ್ತು. ನಾನು ದಡಬಡಿಸಿ ಎದ್ದೆ.

"ಕುಂಡ್ರಿ ಗೌರೀ ಅವ್ವಾರ. ಅವಸರ ಯಾರದು? ನಿಮ್ಮದೋ, ಆಕೀದೋ?"

ಕೂತೆ. ಗೌರಿ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. ಬೈಗುಳಕ್ಕೆ ಕಾದಳು. ಯಾರೂ ಬೈಯಲಿಲ್ಲ. ಮೂಲೆಯಲ್ಲಿದ್ದ ಅರಿವೆ ತಂದು ನೆಲ ಒರೆಸಿದಳು, ಮತ್ತೆ ಬಗ್ಗಿಸಿದಳು, ಮತ್ತೆ ಚೆಲ್ಲಿದಳು, ಮತ್ತೆ ಒರೆಸಿದಳು. ಕೊನೆಗೆ ಲೋಟದಲ್ಲಿ ಗುಟುಕಿನಷ್ಟು ನೀರು ನಿಂತಾಗ ಅದನ್ನು ಕುಡಿದು, "ಅವ್ವಾ, ನಾಳಿನೂ ಬರೂಣು" ಅಂದಳು. ಸೇರಿಸಬೇಕೋ ಬೇಡವೋ ಎಂಬ ನನ್ನ ಚರ್ಚೆ ಅಲ್ಲಿಗೇ ಮುಗಿಯಿತು.

ಆದರೆ ಎಲ್ಲ ಅಲ್ಲಿಂದ ಸರಾಗವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ಕೆಲವು ತಿಂಗಳು ಗೌರಿ ಹಲಗೆಗಳ ಮುಂದೆ ಸುಮ್ಮನೆ ನಿಲ್ಲುತ್ತಿದ್ದಳು. ಉಳಿದ ಮಕ್ಕಳು ತಮ್ಮ ತಮ್ಮ ಚಾಪೆಯ ಮೇಲೆ ಮುಳುಗಿರುತ್ತಿದ್ದರು. ಇವಳು ಒಂದು ಚೌಕಟ್ಟು ಮುಟ್ಟುವಳು, ಬಿಡುವಳು, ಬೇವಿನ ಮರದ ಕೆಳಗೆ ಹೋಗಿ ಸಣ್ಣ ಮಕ್ಕಳಿಗೆ ಕಥೆ ಹೇಳುತ್ತ ಕೂರುವಳು. ಅಕ್ಕೋರು ಕಾದರು. "ತಾನ ಆರಿಸಿಕೋಬೇಕ್ರಿ. ನಾವು ಕೈಯಾಗ ಕೊಟ್ರ ಅದು ನಮ್ಮ ಕೆಲಸ ಆಗತೈತಿ, ಆಕೀದ ಆಗಂಗಿಲ್ಲ" ಅನ್ನುತ್ತಿದ್ದರು. ಮಳೆಗಾಲ ಮುಗಿದು ಹಿಂಗಾರಿ ಬಿತ್ತನೆಯ ಗಿರಾಕಿಗಳು ಅಂಗಡಿಗೆ ಬರತೊಡಗಿದರೂ ಗೌರಿ ಒಂದು ಗುಂಡಿ ಹಾಕಿರಲಿಲ್ಲ, ಒಂದು ಅಕ್ಷರ ಬರೆದಿರಲಿಲ್ಲ. ನನಗೆ ಒಳಗೊಳಗೇ ಭಯ ಹತ್ತಿತು.

ಧಾರವಾಡಕ್ಕೆ ಮತ್ತೆ ಹೋಗುವ ದಿನ ಬಂದಾಗ ಅಕ್ಕೋರಿಗೆ ಹೇಳಿದೆ. ಅಕ್ಕೋರು ಸೋಂಪು ಅಗಿದು ಮುಗಿಸಿ, "ನನಗ ಆ ಹೆಸರ ಗೊತ್ತಿಲ್ಲ, ಆ ಬ್ಯಾನಿನೂ ಗೊತ್ತಿಲ್ಲ. ನಾನೂ ಬರತೇನಿ, ಕೇಳಿ ಕಲಕೋತೇನಿ" ಅಂದರು. ಶಾಲೆಯನ್ನು ಸಹಾಯಕಿಗೆ ಒಪ್ಪಿಸಿ ನಮ್ಮ ಜೊತೆ ಬಸ್ಸು ಹತ್ತಿದರು. ಮೊಮ್ಮಗಳಾಗಬಹುದಾದ ವಯಸ್ಸಿನ ಥೆರಪಿಸ್ಟ್ ಎದುರು ವಿದ್ಯಾರ್ಥಿನಿಯ ಹಾಗೆ ಕೂತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ತಿರುಗಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವರು ಊರು ಹತ್ತಿರ ಬಂದಾಗ ನನ್ನ ಕಡೆ ತಿರುಗಿದರು.

"ನಾ ತಪ್ಪ ಮಾಡೇನ್ರಿ. ಆಕಿ ಆರಿಸಿಕೊಳ್ಳವಲ್ಲಳು ಅಂತ ನಾ ಕಾಯಾಕತ್ತಿದ್ದೆ. ಆಕಿ ಯಾವಾಗೋ ಆರಿಸಿಕೊಂಡಾಳ. ಹೆಂಗ ಸುರು ಮಾಡೂದು ಅನ್ನೂದು ತಿಳೀದ ನಿಂತಾಳ. ನಾ ನೋಡಕೋತ ಕುಂತೆ."

ಮರುದಿನದಿಂದ ಅಕ್ಕೋರ ರೀತಿಯೇ ಬದಲಾಯಿತು. ಏನು ಮಾಡಬೇಕು ಎಂಬುದನ್ನು ಗೌರಿಯೇ ಹೇಳಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಹೇಳಿದ ಮೇಲೆ ಅಕ್ಕೋರು ಅವಳ ಪಕ್ಕದಲ್ಲೇ ಕೂತು ಆ ಕೆಲಸವನ್ನು ರೊಟ್ಟಿ ಮುರಿದ ಹಾಗೆ ಸಣ್ಣ ಸಣ್ಣ ತುಣುಕು ಮಾಡುತ್ತಿದ್ದರು. "ಮೊದಲ ಯಾವ ಕೈ? ಆ ಕೈ ಏನ ಹಿಡೀತೈತಿ? ಇನ್ನೊಂದು ಕೈ ಎಲ್ಲೆ ಐತಿ?" ಗೌರಿ ಬಾಯಿಬಿಟ್ಟು ಹೇಳುತ್ತ ಮಾಡಬೇಕು. ತೆಳುವಾದ ತಂಬಿಗೆ ಹೋಗಿ ಭಾರದ ಹಿತ್ತಾಳೆಯದು ಬಂತು, ಭಾರವಿದ್ದರೆ ಕೈಗೆ ತಾನೆಲ್ಲಿದ್ದೇನೆ ಎಂದು ತಿಳಿಯುತ್ತದಂತೆ. ಅಂಗಿಯ ಗುಂಡಿಯ ಬದಲು ಹಳೆಯ ಕೋಟಿನ ದಪ್ಪ ಗುಂಡಿ ಬಂತು.

ಅಕ್ಷರದ ಮಾತು ಬಂದಾಗ ಗೌರಿ ತನ್ನ ಹೆಸರು ಬರೆಯಬೇಕು ಅಂದಳು. ಅಕ್ಕೋರು ಪೆನ್ಸಿಲ್ ಕೊಡಲಿಲ್ಲ. ಗೋದಾಮಿನ ನೆಲದ ಮೇಲೆ ದಪ್ಪ ಸೀಮೆಸುಣ್ಣದಿಂದ ಮಂಚದಷ್ಟು ದೊಡ್ಡ 'ಗೌ' ಬರೆದು, "ಇದರ ಮ್ಯಾಲೆ ನಡಿ" ಅಂದರು. ಗೌರಿ ನಡೆದಳು. ಎಡವಿದಳು, ಎದ್ದಳು, ಮತ್ತೆ ತುದಿಯಿಂದ ಹೊರಟಳು. ಹಿಂದಿನಿಂದ ಅಕ್ಕೋರೂ ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದರು. ಎಷ್ಟೋ ವಾರ ಅವಳು ತನ್ನ ಹೆಸರಿನ ಮೇಲೆ ಓಡಾಡಿದಳು. ಆಮೇಲೆ ಮರಳಿನ ತಟ್ಟೆಯಲ್ಲಿ ಬೆರಳಿನಿಂದ, ಆಮೇಲೆ ಪಾಟಿಯ ಮೇಲೆ ಬಳಪದಿಂದ. ಒಂದು ಸಂಜೆ ನಮ್ಮ ಅಂಗಡಿಯ ಷಟರಿನ ಪಕ್ಕದ ಗೋಡೆಯ ತುಂಬ 'ಗೌರಿ' ಎಂದು ಸೊಟ್ಟಗೆ ಬರೆದಿತ್ತು. ನಮ್ಮವರು ಅದನ್ನು ಒರೆಸಲಿಲ್ಲ.

ಒರೆಸದಿದ್ದರೂ ಅವರ ಮನಸ್ಸು ಇನ್ನೂ ತೂಗುತ್ತಿತ್ತು. ಸವದತ್ತಿಯಲ್ಲಿ ಒಂದು ಮದುವೆ. ಗೌರಿಯ ವಾರಿಗೆಯ ಹುಡುಗಿಯೊಬ್ಬಳು ಎಲ್ಲರೆದುರು ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆದು ತೋರಿಸಿದಳು. ನಮ್ಮ ಮೈದುನರು, "ಅಣ್ಣಾ, ಆ ಆಟದ ಸಾಲಿಗಿ ಹಾಕಿ ಹುಡುಗೀನ ಹಾಳ ಮಾಡಾಕತ್ತೀ" ಅಂದರು. ಮನೆಗೆ ಬಂದ ಮೇಲೆ ನಮ್ಮವರು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನೇರ ಶಾಲೆಗೆ ನಡೆದರು. ನಾನು ಹಿಂದೆ ಓಡಿದೆ.

"ಬರ್ರಿ ಸಾವಕಾರ್ರ" ಎಂದು ಅಕ್ಕೋರು ಮಣೆ ಸರಿಸಿದರು.

"ಕುಂಡ್ರಾಕ ಬಂದಿಲ್ರಿ. ಮಗಳ್ನ ಕರಕೊಂಡ ಹೋಗಾಕ ಬಂದೇನಿ. ನಿಮ್ಮ ಮ್ಯಾಲ ಸಿಟ್ಟಿಲ್ಲ. ಆದ್ರ ನಾಳೆ ಆಕಿ ಹೊರಗ ಹೋಗಿ ಬದುಕಬೇಕಲ್ರಿ? ಹೊರಗ ಯಾರ ಕಾಯತಾರ ಆಕಿಗಿ?"

ಆ ಪ್ರಶ್ನೆ ನನ್ನದೂ ಆಗಿತ್ತು. ಅಕ್ಕೋರು ವಾದ ಮಾಡುತ್ತಾರೆ, ಏನಾದರೂ ದೊಡ್ಡ ಮಾತು ಹೇಳುತ್ತಾರೆ ಎಂದುಕೊಂಡೆ. ಅವರು ಹೇಳಲಿಲ್ಲ. "ನೀವು ತಂದಿ, ಕರಕೊಂಡ ಹೋಗ್ರಿ. ಆದ್ರ ಆಕೀನ ಒಂದ ಮಾತ ಕೇಳ್ರಿ. ಈ ಸಾಲ್ಯಾಗ ಎಲ್ಲಾ ಆಕೀನ ಕೇಳೇ ಮಾಡೂದು" ಅಂದರು.

ಗೌರಿ ಸೌತೆಕಾಯಿ ಹೆಚ್ಚುತ್ತಿದ್ದಳು. ತಂದೆ ಕೂತು ಅವಳ ಮುಖಕ್ಕೆ ಮುಖ ಕೊಟ್ಟು, "ನಿಮ್ಮ ಹಳೇ ಸಾಲಿಯಂಥಾದ್ದಕ್ಕ ಹೋಗೂಣೇನ ಅವ್ವೀ?" ಎಂದು ಮೆತ್ತಗೆ ಕೇಳಿದರು. ಅವಳು ಚಾಕು ಕೆಳಗಿಟ್ಟಳು.

"ಅಪ್ಪಾ, ಆ ಸಾಲಿಗಿ ಹೋಗಬೇಕಾದ್ರ ನಾ ದಿನಾ ಹೊಟ್ಟಿ ನೋವು ಅಂತಿದ್ದೆ. ಅದು ಸುಳ್ಳಲ್ಲ, ಖರೇನ ನೋಯತಿತ್ತು. ಈಗ ನೋಯಂಗಿಲ್ಲ. ಅಂಥಾ ಸಾಲಿಗಿ ಹೋದ್ರ ಮತ್ತ ನೋಯತೈತೇನೋ."

ನಮ್ಮವರು ಅವಳ ತಟ್ಟೆಯಿಂದ ಒಂದು ಹೋಳು ಎತ್ತಿ ಬಾಯಿಗೆ ಹಾಕಿಕೊಂಡು ಅಂಗಡಿಗೆ ಹೋದರು. ಶಾಲೆ ಬಿಡಿಸುವ ಮಾತು ಮತ್ತೆ ಎತ್ತಲಿಲ್ಲ. ಯಾರಾದರೂ ಕೆಣಕಿದರೆ, "ನನ್ನ ಮಗಳ ಹೊಟ್ಟಿ ನೋಯಂಗಿಲ್ಲ ಈಗ" ಎಂದಷ್ಟೇ ಹೇಳುತ್ತಿದ್ದರು. ಕೇಳಿದವರಿಗೆ ಅದು ಅರ್ಥವಾಗುತ್ತಿರಲಿಲ್ಲ.

ಅಕ್ಕೋರ ಬಗ್ಗೆ ಯಾರಿಗಾದರೂ ಹೇಳುವಾಗ ನಾನು ತಪ್ಪದೆ ಹೇಳುವುದು ಕಿತ್ತೂರಿನ ಸಂಗತಿ. ದೇಗಾಂವದ ಗುಡಿ ನೋಡಿಕೊಂಡು ಮಕ್ಕಳನ್ನು ಕಿತ್ತೂರಿನ ಕೋಟೆಗೆ ಕರೆದುಕೊಂಡು ಹೋಗಿದ್ದರು, ಜೊತೆಗೆ ನಾವು ಕೆಲವು ತಾಯಂದಿರು. ಮಕ್ಕಳೆಲ್ಲ ಒಂದು ಕಡೆ ಕಲ್ಲಿನ ಮೆಟ್ಟಿಲು ಹತ್ತಿದರು. ಗೌರಿಯೂ ಹುರುಪಿನಲ್ಲಿ ಹತ್ತಿಬಿಟ್ಟಳು. ಇಳಿಯುವಾಗ ಕೆಳಗೆ ನೋಡಿದವಳೇ ನಿಂತುಬಿಟ್ಟಳು. ಮೆಟ್ಟಿಲುಗಳು ಸವೆದು ಏರುಪೇರಾಗಿದ್ದವು, ಹಿಡಿಯಲು ಆಸರೆ ಇರಲಿಲ್ಲ. ಕಾಲು ಮುಂದಿಡಲಾರಳು, ಎತ್ತಿಕೊಳ್ಳಲು ಹೋದರೆ ನನ್ನನ್ನು ತಳ್ಳುತ್ತಾಳೆ. ಬೇರೆ ಊರಿನ ಪ್ರವಾಸಿಗಳು ಹಿಂದೆ ನಿಂತು, "ಏನಾಗೇತ್ರಿ ಹುಡುಗಿಗಿ?" ಎಂದು ಕೇಳತೊಡಗಿದರು. ಗೌರಿಯ ಕಿವಿ ಕೆಂಪಾದವು.

ಅಕ್ಕೋರು ಮೆಲ್ಲಗೆ ಮೇಲೆ ಹೋದರು. ಅವಳ ಪಕ್ಕದಲ್ಲಿ ಮೇಲಿನ ಮೆಟ್ಟಿಲ ಮೇಲೆ ಕೂತರು. "ನನಗೂ ಹೆದರಿಕಿ ಬರಾಕತ್ತೇತಿ ಗೌರಿ. ನಾ ಹಿಂಗ ಇಳೀತೇನಿ ನೋಡು" ಎಂದು, ಗಂಜಿ ಹಾಕಿದ ಆ ಸೀರೆಯಲ್ಲೇ, ಅಷ್ಟು ಜನರೆದುರು, ಕುಂಡೆಯ ಮೇಲೆ ಒಂದೊಂದೇ ಮೆಟ್ಟಿಲು ಜಾರುತ್ತ ಇಳಿಯತೊಡಗಿದರು. ಗೌರಿ ಕಿಲಕಿಲ ನಕ್ಕು ಹಿಂದೆ ಜಾರಿದಳು. ಅದನ್ನು ನೋಡಿ ಕೆಳಗಿದ್ದ ಮಕ್ಕಳೆಲ್ಲ ಮತ್ತೆ ಮೇಲೆ ಹತ್ತಿ ಹಾಗೆಯೇ ಇಳಿದರು. ಪ್ರವಾಸಿಗಳ ಒಂದು ಮಗುವೂ ಹಟ ಹಿಡಿದು ಆ ಸಾಲಿಗೆ ಸೇರಿಕೊಂಡಿತು. ಕೆಳಗೆ ಬಂದ ಮೇಲೆ ಅಕ್ಕೋರು ಹಿಂದೆ ತಿರುಗಿ, ಕೆಂಪು ಮಣ್ಣಾದ ಸೀರೆ ನೋಡಿಕೊಂಡು, "ಈ ಸೀರಿಗಿ ಗಂಜಿ ಹಾಕಿದ್ದು ದಂಡ ಆತಲ್ರಿ" ಎಂದು ನನ್ನ ಕಡೆ ಕಣ್ಣು ಮಿಟುಕಿಸಿದರು.

ಶಾಲೆ ಇದ್ದದ್ದು ಐದನೆಯ ತರಗತಿಯವರೆಗೆ ಮಾತ್ರ. ಆರನೆಯದಕ್ಕೆ ದೊಡ್ಡ ಶಾಲೆಗೆ ಹೋಗಬೇಕು. ನಮ್ಮವರು ಅಂದು ಕೇಳಿದ್ದ ಪ್ರಶ್ನೆ ಈಗ ನಿಜವಾಗಿ ಎದುರಿಗೆ ಬಂತು. ಗೌರಿ ಓದುತ್ತಿದ್ದಳು, ಲೆಕ್ಕ ಬಾಯಲ್ಲೇ ಮಾಡುತ್ತಿದ್ದಳು. ಅವಳ ಬರವಣಿಗೆ ಇನ್ನೂ ನಿಧಾನ, ಇನ್ನೂ ಸೊಟ್ಟ. ಪ್ರವೇಶದ ದಿನ ನಾನು ಬೇಡಿಕೊಂಡದ್ದಕ್ಕೆ ಅಕ್ಕೋರೂ ಬಂದರು. ಹೆಡ್‌ಮಾಸ್ಟರು ಗೌರಿಯ ಅಕ್ಷರ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಕ್ಕೋರ, ನೀವ ಹೇಳ್ರಿ. ಈಕಿ ನಡಸತಾಳೇನ್ರಿ ಇಲ್ಲೆ?"

"ನಾ ಹೇಳಂಗಿಲ್ರಿ ಸರ್. ಆಕಿ ಅದಾಳಲ್ಲ, ಆಕೀನ ಕೇಳ್ರಿ."

ನನಗೆ ಅಕ್ಕೋರ ಮೇಲೆ ಅರೆಕ್ಷಣ ಸಿಟ್ಟೇ ಬಂತು. ಅಷ್ಟು ದೂರ ಕರೆತಂದದ್ದು ಮಾತಾಡಲಿ ಎಂದೇ ಅಲ್ಲವೇ? ಗೌರಿ ಎದ್ದು ನಿಂತಳು. ನಿಲ್ಲುವಾಗ ಕುರ್ಚಿ ಬಿತ್ತು. ಅದನ್ನು ಎತ್ತಿ ನಿಲ್ಲಿಸಿ ಹೇಳಿದಳು.

"ಸರ್, ನನ್ನ ಕೈ ನಿಧಾನ ಅದಾವ್ರಿ. ತಲಿ ನಿಧಾನಿಲ್ಲ. ಬರಿಯಾಕ ನನಗ ಜಾಸ್ತಿ ಟೈಮ್ ಕೊಡ್ರಿ. ಬಾಯಿಲೆ ಕೇಳಿದ್ರ ಈಗ ಹೇಳತೇನಿ. ಮತ್ತ ಆಟದ ಪೀರಿಯಡ್ ದಾಗ ನಾ ಬಿದ್ರ ಹುಡುಗ್ರಿಗೆ ನಗಬ್ಯಾಡ ಅಂತ ಹೇಳೂದು ಬ್ಯಾಡ್ರಿ, ಅದನ್ನ ನಾ ಹೇಳಕೋತೇನಿ."

ಹೆಡ್‌ಮಾಸ್ಟರು ಕನ್ನಡಕ ಹಾಕಿಕೊಂಡರು. ಕೆಲವು ಪ್ರಶ್ನೆ ಬಾಯಿಯಲ್ಲೇ ಕೇಳಿದರು. ಆಮೇಲೆ, "ಸೋಮವಾರದಿಂದ ಬಾ" ಅಂದರು. ಹೊರಗೆ ಬಂದಾಗ ಅಕ್ಕೋರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ನೆಗಡಿ ಅಂದರು.

ಆ ಮೇಲೆ ಕೆಲವೇ ವರ್ಷ. ಅಕ್ಕೋರಿಗೆ ಮೂತ್ರಪಿಂಡದ ತೊಂದರೆ ಶುರುವಾಯಿತು. ಶಾಲೆ ನಡೆಸುವುದು ಆಗದೆ ಮುಚ್ಚಿ, ರಾಮದುರ್ಗದಲ್ಲಿ ತಮ್ಮನ ಮನೆಗೆ ಹೋದರು. ಗೌರಿ ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನೂ ಅವಳೂ ಹೋಗಿ ಕಂಡೆವು. ಬಹಳ ಇಳಿದಿದ್ದರು. ಆದರೂ ಎದ್ದು ಕೂತು, ಮೊದಲಿನ ಹಾಗೆ ನನ್ನನ್ನು ಬಿಟ್ಟು ಅವಳನ್ನೇ ಮಾತಾಡಿಸಿದರು.

"ಈಗ ಏನ ಕಲಿಯಾಕತ್ತಿ?"

"ಸೈಕಲ್ ರೀ ಅಕ್ಕೋರ. ಎರಡ ವರ್ಷ ಆತು, ಬರವಲ್ದು. ಬೀಳೂದ ಆಗೇತಿ."

"ಇನ್ನೂ ಕಲಿಬೇಕನಸತೈತೇನ?"

ಗೌರಿ ಯೋಚಿಸಿದಳು. "ಇಲ್ರಿ. ಎಲ್ಲಾರಿಗೂ ಬರತೈತಿ ಅಂತ ಕಲಿಯಾಕತ್ತೇನಿ."

"ಹಂಗಾರ ಬಿಡು. ಬಸ್ಸು ಅದಾವಲ್ಲ" ಎಂದು ಅಕ್ಕೋರು ನಕ್ಕರು. ಗೌರಿಯೂ ನಕ್ಕಳು. ಆ ವಾರವೇ ಸೈಕಲ್ಲನ್ನು ಓಣಿಯ ಒಂದು ಹುಡುಗಿಗೆ ಕೊಟ್ಟುಬಿಟ್ಟಳು. ಇವತ್ತಿಗೂ ಅವಳು ಹೋಗುವುದು ಬಸ್ಸಿನಲ್ಲೇ, ಕಿಟಕಿಯ ಪಕ್ಕ ಕೂತು.

ಅದೇ ಕೊನೆಯ ಭೇಟಿ. ಬೇಸಿಗೆ ಮುಗಿಯುವ ಹೊತ್ತಿಗೆ ಅವರ ತಮ್ಮನ ಫೋನು ಬಂತು. ನಾವು ಮೂವರೂ ರಾಮದುರ್ಗಕ್ಕೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯ ನಡುಕೋಣೆಯಲ್ಲಿ ಬುದ್ಧನ ಮೂರ್ತಿಯ ಪಕ್ಕ ಅಕ್ಕೋರ ಫೋಟೋ ಇಟ್ಟಿದ್ದರು. ಬಿಳಿ ಬಟ್ಟೆ ಉಟ್ಟ ಜನ ಕೂತು ತ್ರಿಶರಣ ಹೇಳಿದರು. ಆಮೇಲೆ ತಮ್ಮ, "ಅಕ್ಕನ ಬಗ್ಗೆ ಯಾರರೆ ಎರಡ ಮಾತ ಹೇಳ್ರಿ" ಅಂದರು. ಒಂದಿಬ್ಬರು ಹಿರಿಯರು ಸೇವೆ, ತ್ಯಾಗ ಎಂದು ಮಾತಾಡಿದರು. ಆಗ ಗೌರಿ ಎದ್ದು ನಿಂತಳು. ಅವಳು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಒಂದ ದಿನ ಸಾಲಿ ಬಿಟ್ಟಿತ್ರಿ. ಆಟೋದಾಂವ ಹಾರ್ನ್ ಹೊಡಿಯಾಕತ್ತಿದ್ದ. ನಾ ಚಪ್ಪಲಿ ಪಟ್ಟಿ ಹಾಕಾಕತ್ತಿದ್ದೆ, ಹತ್ತವಲ್ದಾಗಿತ್ತು. ಅಕ್ಕೋರು ಸಿಟ್ಟಿಗೆದ್ದು ಬಂದು ತಾವ ಹಾಕಿಬಿಟ್ರು. ಮರುದಿನಾ ನನ್ನ ಹೊರಗ ಕರದು, 'ನಿನ್ನ ಕೆಲಸಾ ನಾ ಕಸಗೊಂಡೆ, ತಪ್ಪಾತು' ಅಂದ್ರು. ಅವರ ಕಣ್ಣಾಗ ನೀರಿದ್ವು. ನನಗ ಅಲ್ಲೀತನಕ ದೊಡ್ಡವರು ಯಾರೂ ತಪ್ಪಾತು ಅಂದಿದ್ದಿಲ್ಲ. ಅವತ್ತಿನಿಂದ ನಾ ಯಾರಿಗೂ ಅಂಜಂಗಿಲ್ಲ."

ಅಷ್ಟು ಹೇಳಿ ಕೂತಳು. ನಮ್ಮವರು ತಲೆ ಬಗ್ಗಿಸಿಕೊಂಡಿದ್ದರು.

ಎಲ್ಲರೂ ಹೊರಡುವಾಗ ಬಾಗಿಲಲ್ಲಿ ದಟ್ಟಣೆಯಾಯಿತು. ಗೌರಿ ಹೊಸ್ತಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಹಿಂದೆ ಜನ ನಿಂತಿದ್ದರು. ಯಾರೂ ಪಕ್ಕಕ್ಕೆ ಸರಿ ಅನ್ನಲಿಲ್ಲ, ಯಾರೂ ಹಾಕಿಕೊಡಲು ಬಗ್ಗಲಿಲ್ಲ. ಅವಳು ಒಂದು ಕಾಲು ಮುಗಿಸಿದಳು. ಇನ್ನೊಂದನ್ನು ಹಿಡಿದಳು. ನಾನು ಕಾಯುತ್ತ ನಿಂತುಕೊಂಡೆ.